ಗೇಮ್ ಕಂಪನಿಗಳು ಟಿವಿ ಗೆದ್ದವು, ಕತೆ ಕಟ್ಟಿದವರಿಗೆ ಸಿಕ್ಕಿದ್ದೇನು?

2024ರ ಏಪ್ರಿಲ್ 10ರಂದು ಅಮೆಜಾನ್ ಪ್ರೈಮ್‌ನಲ್ಲಿ 'ಫಾಲ್‌ಔಟ್' ಸರಣಿ ಬಂತು. 16 ದಿನಗಳಲ್ಲಿ 6.5 ಕೋಟಿ ಜನ ನೋಡಿದರು ಅಂತ ಅಮೆಜಾನ್ ಹೇಳಿಕೊಂಡಿತು. ಅಣುಯುದ್ಧದಲ್ಲಿ ಸುಟ್ಟುಹೋದ ಅಮೆರಿಕದ ಈ ಕತೆ ಮೂಲದಲ್ಲಿ ಒಂದು ವಿಡಿಯೊ ಗೇಮ್. ಅದರ ಹಕ್ಕು ಇರೋದು ಬೆಥೆಸ್ಡಾ ಬಳಿ. ಬೆಥೆಸ್ಡಾದ ಒಡೆತನ ಎಕ್ಸ್‌ಬಾಕ್ಸ್ ತಯಾರಿಸುವ ಮೈಕ್ರೋಸಾಫ್ಟ್‌ನದು. ಸರಣಿ ಗೆದ್ದಿದ್ದೇ ತಡ, ಎಷ್ಟೋ ವರ್ಷ ಹಳೆಯ ಫಾಲ್‌ಔಟ್ ಗೇಮ್‌ಗಳನ್ನೂ ಜನ ಹುಡುಕಿ ಆಡತೊಡಗಿದರು.

ತಿಂಗಳು ತುಂಬುವ ಮೊದಲೇ, ಮೇ 7ರಂದು, ಅದೇ ಬೆಥೆಸ್ಡಾ ಬಳಗದ ಆರ್ಕೇನ್ ಆಸ್ಟಿನ್, ಟ್ಯಾಂಗೋ ಗೇಮ್‌ವರ್ಕ್ಸ್ ಮತ್ತು ಆಲ್ಫಾ ಡಾಗ್ ಸ್ಟುಡಿಯೊಗಳನ್ನು ಮುಚ್ಚುವುದಾಗಿ ಮೈಕ್ರೋಸಾಫ್ಟ್ ಹೇಳಿತು. ಅದೇ ವರ್ಷದ ಜನವರಿಯಲ್ಲಿ ಅದು ತನ್ನ ಗೇಮಿಂಗ್ ವಿಭಾಗದಿಂದ 1,900 ಜನರನ್ನು ತೆಗೆದಿತ್ತು.

ಒಂದು ಕಡೆ ಕತೆಗೆ ಬಂಗಾರದ ಬೆಲೆ, ಇನ್ನೊಂದು ಕಡೆ ಕತೆ ಕಟ್ಟುವವರಿಗೆ ಗೇಟ್‌ಪಾಸ್. ಇದು ಹೇಗೆ ಸಾಧ್ಯ? ಗೇಮ್ ಕನ್ಸೋಲ್ ಕಂಪನಿಗಳು ಟಿವಿ ಕಡೆಗೆ ನಡೆದ ದಾರಿಯನ್ನು ನೋಡಿದರೆ ಉತ್ತರ ಸಿಗುತ್ತೆ.

ಮೊದಲ ಯತ್ನ: ಟಿವಿ ಪಕ್ಕದ ಡಬ್ಬಿ

ಕನ್ಸೋಲ್ ವ್ಯಾಪಾರದ ಲೆಕ್ಕ ಸ್ವಲ್ಪ ವಿಚಿತ್ರ. ಡಬ್ಬಿ ಮಾರಿದರೆ ಲಾಭ ಕಡಿಮೆ, ಎಷ್ಟೋ ಸಲ ನಷ್ಟ. ದುಡ್ಡು ಬರೋದು ಆಮೇಲೆ, ಗೇಮ್ ಮಾರಾಟದ ಕಮಿಷನ್ನಿನಿಂದ, ಆನ್‌ಲೈನ್ ಚಂದಾದಿಂದ. ಹಾಗಾಗಿ ಡಬ್ಬಿ ದಿನಕ್ಕೆ ಎಷ್ಟು ಹೊತ್ತು ಚಾಲೂ ಇರುತ್ತೆ ಅನ್ನೋದೇ ಮುಖ್ಯ. ಗೇಮ್ ಆಡೋದು ಮನೆಯಲ್ಲಿ ಒಬ್ಬಿಬ್ಬರು, ಟಿವಿ ನೋಡೋದು ಎಲ್ಲರೂ. 2000ದಲ್ಲಿ ಬಂದ ಪ್ಲೇಸ್ಟೇಷನ್ 2 ಡಿವಿಡಿಯನ್ನೂ ಓಡಿಸುತ್ತಿತ್ತು. ಅನೇಕ ಮನೆಗಳಿಗೆ ಅದೇ ಮೊದಲ ಡಿವಿಡಿ ಪ್ಲೇಯರ್. ಟಿವಿಯ ರುಚಿ ಕಂಪನಿಗಳಿಗೆ ಹತ್ತಿದ್ದು ಆಗಲೇ.

2013ರ ಮೇ 21ರಂದು ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ಅನ್ನು ಜನರ ಮುಂದಿಟ್ಟಾಗ ಗೇಮ್‌ಗಿಂತ ಟಿವಿ ಮಾತೇ ಜಾಸ್ತಿ ಆಯ್ತು. ಕೇಬಲ್ ಸೆಟ್-ಟಾಪ್ ಬಾಕ್ಸ್ ಅನ್ನು ಇದಕ್ಕೇ ಸಿಕ್ಕಿಸಿ, ಬಾಯಲ್ಲಿ ಹೇಳಿ ಚಾನೆಲ್ ಬದಲಿಸಿ ಅಂದರು. ಸ್ಟೀವನ್ ಸ್ಪಿಲ್‌ಬರ್ಗ್ ಜೊತೆ 'ಹೇಲೋ' ಗೇಮಿನ ಟಿವಿ ಸರಣಿ ಮಾಡ್ತೀವಿ ಅಂದರು. ಸಿಬಿಎಸ್ ಚಾನೆಲ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನ್ಯಾನ್ಸಿ ಟೆಲ್ಲೆಮ್ ಅವರನ್ನು ಮೊದಲೇ ಕರೆತಂದು ಎಕ್ಸ್‌ಬಾಕ್ಸ್ ಎಂಟರ್‌ಟೇನ್‌ಮೆಂಟ್ ಸ್ಟುಡಿಯೋಸ್ ಕಟ್ಟಲಾಗಿತ್ತು.

ಆ ಡಬ್ಬಿಯ ಜೊತೆ ಕಿನೆಕ್ಟ್ ಎಂಬ ಕ್ಯಾಮೆರಾ-ಮೈಕ್ ಕೂಡ ಕಡ್ಡಾಯವಾಗಿ ಬರ್ತಿತ್ತು. ಸುಮಾರು ಎರಡು ವಾರಕ್ಕೆ ಎಡ್ವರ್ಡ್ ಸ್ನೋಡೆನ್ ಸೋರಿಕೆ ಹೊರಬಿತ್ತು. ಅಮೆರಿಕದ ಬೇಹುಗಾರಿಕೆಯ ಆ ಕಡತಗಳಲ್ಲಿ ಮೈಕ್ರೋಸಾಫ್ಟ್ ಹೆಸರೂ ಇತ್ತು. ಹಾಲ್‌ನಲ್ಲಿ ಸದಾ ಕಿವಿ ತೆರೆದು ಕೂತಿರುವ ಯಂತ್ರವನ್ನು ಯಾರು ತಾನೇ ನಂಬುತ್ತಾರೆ? ಸಾಲದ್ದಕ್ಕೆ ಬೆಲೆ 499 ಡಾಲರ್. ಎದುರಾಳಿ ಪ್ಲೇಸ್ಟೇಷನ್ 4ರ ಬೆಲೆ 399. ಗೇಮ್ ಆಡುವವರು ಸೋನಿ ಕಡೆ ವಾಲಿದರು. 2014ರಲ್ಲಿ ಮೈಕ್ರೋಸಾಫ್ಟ್ ಸಿಇಒ ಆದ ಸತ್ಯ ನಾದೆಲ್ಲ (ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದವರು) ಆ ಜುಲೈನಲ್ಲಿ 18,000 ಉದ್ಯೋಗ ಕಡಿತ ಘೋಷಿಸಿದರು. ಟಿವಿ ಸ್ಟುಡಿಯೊ ಕೂಡ ಅದರಲ್ಲೇ ಹೋಯ್ತು.

ಸೋನಿಯೂ ಎಡವಿತು, ಬೇರೆ ಕಲ್ಲಿಗೆ. 2015ರ ಮಾರ್ಚ್‌ನಲ್ಲಿ ಅದು ಪ್ಲೇಸ್ಟೇಷನ್ ವ್ಯೂ ಶುರು ಮಾಡಿತು. ಕೇಬಲ್ ಬೇಡ, ಇಂಟರ್ನೆಟ್ ಮೂಲಕ ಚಾನೆಲ್ ನೋಡಿ ಅನ್ನೋ ಸೇವೆ. ಆದರೆ ಚಾನೆಲ್‌ಗಳು ಬೇರೆಯವರವು. ಅವರು ಕೇಳಿದಷ್ಟು ಕೊಡಬೇಕು, ಚಂದಾ ಏರಿಸಿದರೆ ಗ್ರಾಹಕ ಹೋಗ್ತಾನೆ. 2020ರ ಜನವರಿ 30ಕ್ಕೆ ವ್ಯೂ ಬಂದ್ ಆಯ್ತು.

ಎರಡೂ ಕಂಪನಿಗಳು ಕಲಿತ ಪಾಠ ಒಂದೇ. ಟಿವಿ ಲೋಕದಲ್ಲಿ ಡಬ್ಬಿ ಇಟ್ಟುಕೊಂಡವನು ಬಾಡಿಗೆದಾರ, ಕತೆ ಇಟ್ಟುಕೊಂಡವನೇ ಮನೆ ಮಾಲೀಕ.

ಎರಡನೇ ಯತ್ನ: ಕತೆಯ ಹಕ್ಕು

ತಮಾಷೆ ಏನಂದ್ರೆ, ಎಕ್ಸ್‌ಬಾಕ್ಸ್‌ನ ಟಿವಿ ಕನಸು ಜಗಜ್ಜಾಹೀರಾದ ಮರುತಿಂಗಳೇ, 2013ರ ಜೂನ್‌ನಲ್ಲಿ, ಸೋನಿ ಒಡೆತನದ ನಾಟಿ ಡಾಗ್ ಸ್ಟುಡಿಯೊ 'ದಿ ಲಾಸ್ಟ್ ಆಫ್ ಅಸ್' ಅನ್ನು ಬಿಡುಗಡೆ ಮಾಡಿತ್ತು. ಆಗ ಅದು ಬರೀ ಗೇಮ್. ಸೋನಿ 2019ರಲ್ಲಿ ಪ್ಲೇಸ್ಟೇಷನ್ ಪ್ರೊಡಕ್ಷನ್ಸ್ ಕಟ್ಟಿ ತನ್ನ ಗೇಮ್‌ಗಳನ್ನು ಸಿನಿಮಾ, ಸರಣಿ ಮಾಡಲು ಹೊರಟಿತು. 2023ರ ಜನವರಿಯಲ್ಲಿ ಎಚ್‌ಬಿಒದಲ್ಲಿ ಆ ಗೇಮ್ ಸರಣಿಯಾಗಿ ಬಂದಾಗ ಅಮೆರಿಕದಲ್ಲಿ ಮೊದಲ ರಾತ್ರಿಯೇ 47 ಲಕ್ಷ ಜನ ನೋಡಿದರು. ಅದೇ ವರ್ಷ ನಿಂಟೆಂಡೊದ ಮಾರಿಯೊ ಸಿನಿಮಾ 130 ಕೋಟಿ ಡಾಲರ್ ದಾಟಿತು.

ಈ ಸಲದ ಲೆಕ್ಕ ಬೇರೆ. ಸೋನಿ ಸ್ವಂತ ಚಾನೆಲ್ ಕಟ್ಟಲು ಹೋಗಲಿಲ್ಲ. ಒಂದು ಸರಣಿ ಎಚ್‌ಬಿಒಗೆ, ಇನ್ನೊಂದು ಪೀಕಾಕ್‌ಗೆ, ಮತ್ತೊಂದು ಅಮೆಜಾನ್‌ಗೆ. ಸ್ಟ್ರೀಮಿಂಗ್ ಕಂಪನಿಗಳು ಪರಸ್ಪರ ಬಡಿದಾಡಿಕೊಳ್ಳಲಿ, ಎಲ್ಲರಿಗೂ ಸರಕು ನಮ್ಮದೇ ಇರಲಿ ಅನ್ನೋ ನೀತಿ. ದೊಡ್ಡ ಗೇಮ್‌ಗಳ ಖರ್ಚು ಈಗ ಮಿತಿ ಮೀರಿದೆ. 'ದಿ ಲಾಸ್ಟ್ ಆಫ್ ಅಸ್' ಎರಡನೇ ಭಾಗಕ್ಕೆ ಸುಮಾರು 22 ಕೋಟಿ ಡಾಲರ್ ಆಗಿತ್ತು ಅನ್ನೋದು 2023ರಲ್ಲಿ ಅಮೆರಿಕದ ಕೋರ್ಟ್ ಕಡತಗಳಿಂದ ಹೊರಬಿತ್ತು. ಹೊಸ ಗೇಮ್ ಅಂದ್ರೆ ಐದಾರು ವರ್ಷದ ಜೂಜು. ಇರುವ ಕತೆಯನ್ನು ಟಿವಿಗೆ ಕೊಟ್ಟರೆ ಹಕ್ಕಿನ ದುಡ್ಡು ಬರುತ್ತೆ, ಹಳೇ ಗೇಮ್‌ಗೆ ಪುಕ್ಕಟೆ ಜಾಹೀರಾತೂ ಸಿಗುತ್ತೆ.

ಈ ಲೆಕ್ಕದಲ್ಲಿ ಬೆಲೆ ಇರೋದು ಈಗಾಗಲೇ ಬರೆದಿಟ್ಟ ಕತೆಗೆ. ಬರೆಯುವ ಕೈಗೆ ಅಲ್ಲ. ಮೇ 7ರಂದು ಸ್ಟುಡಿಯೊಗಳನ್ನು ಮುಚ್ಚುವ ಮಾತು ಬಂದಾಗ ಹಕ್ಕುಪತ್ರಗಳು ಮೈಕ್ರೋಸಾಫ್ಟ್ ಬಳಿಯೇ ಇದ್ದವು, ಹೊರಬೀಳುವ ಸರದಿ ಜನರದಾಗಿತ್ತು. 2024ರ ಫೆಬ್ರವರಿಯಲ್ಲಿ ಸೋನಿ ಪ್ಲೇಸ್ಟೇಷನ್‌ನಿಂದ 900 ಜನರನ್ನು ತೆಗೆಯುವುದಾಗಿ ಹೇಳಿದಾಗ, ಪೆಟ್ಟು ತಿಂದ ಸ್ಟುಡಿಯೊಗಳ ಪಟ್ಟಿಯಲ್ಲಿ ನಾಟಿ ಡಾಗ್ ಕೂಡ ಇತ್ತು.

ಹೆಸರೂ ಇಲ್ಲ, ಪಾಲೂ ಇಲ್ಲ

'ದಿ ಲಾಸ್ಟ್ ಆಫ್ ಅಸ್' ಗೇಮಿಗೆ ಇಬ್ಬರು ಮುಖ್ಯಸ್ಥರಿದ್ದರು. ಕತೆ ಬರೆದ ನೀಲ್ ಡ್ರಕ್‌ಮನ್ ಮತ್ತು ಗೇಮ್ ಡೈರೆಕ್ಟರ್ ಬ್ರೂಸ್ ಸ್ಟ್ರೇಲಿ. ಡ್ರಕ್‌ಮನ್ ಟಿವಿ ಸರಣಿಯಲ್ಲೂ ಇದ್ದರು. ಕಂಪನಿ ಬಿಟ್ಟಿದ್ದ ಸ್ಟ್ರೇಲಿ ಹೆಸರು ಸರಣಿಯಲ್ಲಿ ಬರಲಿಲ್ಲ. ಆ ಲೋಕ ಮತ್ತು ಪಾತ್ರಗಳನ್ನು ಕೂಡಿ ಕಟ್ಟಿದವರಿಗೆ ಹೆಸರೂ ಸಿಗದೆ, ಬಿಡಿಗಾಸೂ ಸಿಗದೆ ಹೋದರೆ ಕಾರ್ಮಿಕ ಸಂಘ ಯಾಕೆ ಬೇಕು ಅನ್ನೋದಕ್ಕೆ ಅದೇ ಕಾರಣ ಎಂಬರ್ಥದಲ್ಲಿ ಅವರು 'ಲಾಸ್ ಏಂಜಲೀಸ್ ಟೈಮ್ಸ್'ಗೆ ಹೇಳಿದರು.

ಸಂಬಳ ಕೊಟ್ಟಾಯ್ತಲ್ಲ, ಕೋಟಿಗಟ್ಟಲೆ ಹಾಕಿ ರಿಸ್ಕ್ ತಗೊಂಡಿದ್ದು ಕಂಪನಿ ತಾನೇ ಅಂತ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಹಾಲಿವುಡ್‌ನಲ್ಲೂ ರಿಸ್ಕ್ ತಗೊಳ್ಳೋದು ಸ್ಟುಡಿಯೊನೇ, ಅಲ್ಲೂ ಬರಹಗಾರರಿಗೆ ಸಂಬಳ ಇದೆ. ಆದರೂ ಅಲ್ಲಿ ಯಾರ ಹೆಸರು ಹಾಕಬೇಕು ಅನ್ನೋದಕ್ಕೆ ನಿಯಮ ಇದೆ. ಸರಣಿ ಮರುಪ್ರಸಾರವಾದರೆ ಬರಹಗಾರರಿಗೆ, ನಟರಿಗೆ ಪಾಲು ಹೋಗುತ್ತೆ.

ಯಾಕೆ ಅಂದ್ರೆ 1960ರಲ್ಲಿ ಅಮೆರಿಕದ ನಟರು, ಬರಹಗಾರರು ಮುಷ್ಕರ ಹೂಡಿದ್ದರು. ಥಿಯೇಟರ್‌ಗೆ ಅಂತ ಮಾಡಿದ ಸಿನಿಮಾಗಳನ್ನು ಸ್ಟುಡಿಯೊಗಳು ಟಿವಿಗೆ ಮಾರಿ ದುಡ್ಡು ಮಾಡುತ್ತಿದ್ದವು. ನಮ್ಮ ಕೆಲಸ ಒಂದು ಪರದೆಯಿಂದ ಇನ್ನೊಂದಕ್ಕೆ ಹೋದರೆ ನಮ್ಮ ಪಾಲೆಲ್ಲಿ ಅನ್ನೋದು ಅವರ ಪ್ರಶ್ನೆ. ನಟರ ಸಂಘದ ಅಧ್ಯಕ್ಷರಾಗಿ ಆ ಮುಷ್ಕರ ನಡೆಸಿದವರು ರೊನಾಲ್ಡ್ ರೇಗನ್. ಹೌದು, ಮುಂದೆ ಅಮೆರಿಕದ ಅಧ್ಯಕ್ಷರಾಗಿ 1981ರಲ್ಲಿ ವಿಮಾನ ಸಂಚಾರ ನಿಯಂತ್ರಕರ ಮುಷ್ಕರವನ್ನು ಮುರಿದ ಅದೇ ರೇಗನ್.

ಗೇಮ್ ಉದ್ಯಮಕ್ಕೆ ಆ 1960 ಇನ್ನೂ ಬಂದಿಲ್ಲ. ಹಾಗಾಗಿ ಗೇಮ್ ಟಿವಿಗೆ ಹೋದಾಗ ಕತೆ ಒಂದು ಗಡಿ ದಾಟುತ್ತೆ. ಈ ಕಡೆ ಅದನ್ನು ಹುಟ್ಟಿಸಿದವರಿಗೆ ಸಂಬಳ ಬಿಟ್ಟರೆ ಬೇರೇನೂ ಇಲ್ಲ. ಆ ಕಡೆ ಅದನ್ನು ಟಿವಿಗೆ ಹೊಂದಿಸಿ ಬರೆಯುವವರಿಗೆ ಹೆಸರೂ ಇದೆ, ಪಾಲೂ ಇದೆ. 2023ರಲ್ಲಿ 148 ದಿನ ಮುಷ್ಕರ ಮಾಡಿ ಅವರು ಅದನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡರು. ಇದು ಪ್ರತಿಭೆಯ ವ್ಯತ್ಯಾಸ ಅಲ್ಲ, ಸಂಘಟನೆಯ ವ್ಯತ್ಯಾಸ.

ಈ ಮಾತು ಬೆಥೆಸ್ಡಾದವರಿಗೂ ಹೊಳೆದಿರಬೇಕು. ಫಾಲ್‌ಔಟ್ ಸರಣಿ ಬಂದು ಮೂರು ತಿಂಗಳಿಗೆ, 2024ರ ಜುಲೈನಲ್ಲಿ, ಬೆಥೆಸ್ಡಾ ಗೇಮ್ ಸ್ಟುಡಿಯೋಸ್‌ನ 241 ಜನ ಸಂಘ ಕಟ್ಟಿ ಕಮ್ಯುನಿಕೇಷನ್ಸ್ ವರ್ಕರ್ಸ್ ಆಫ್ ಅಮೆರಿಕ ಸೇರಿದರು. ಕಲಾವಿದರು, ವಿನ್ಯಾಸಕರು, ಪ್ರೋಗ್ರಾಮರ್‌ಗಳು ಎಲ್ಲ ಒಟ್ಟಿಗೆ. ಮೈಕ್ರೋಸಾಫ್ಟ್ ಆ ಸಂಘಕ್ಕೆ ಮಾನ್ಯತೆ ಕೊಟ್ಟಿತು.

ಕೊಂಡವರ ಪಾಡು

ದುಡ್ಡು ಕೊಟ್ಟು ನೋಡುವವರ ಸ್ಥಿತಿಯೂ ಇದಕ್ಕಿಂತ ಭಿನ್ನ ಏನಲ್ಲ. ಸೋನಿ ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಸಿನಿಮಾ, ಟಿವಿ ಸರಣಿಗಳನ್ನೂ ಮಾರುತ್ತಿತ್ತು. 2021ರಲ್ಲಿ ಆ ಮಾರಾಟ ನಿಲ್ಲಿಸಿತು. 2022ರಲ್ಲಿ ಜರ್ಮನಿ, ಆಸ್ಟ್ರಿಯದ ಗ್ರಾಹಕರು ಕೊಂಡಿದ್ದ ಸ್ಟುಡಿಯೊಕನಾಲ್ ಸಿನಿಮಾಗಳು ಅವರ ಖಾತೆಯಿಂದಲೇ ಹೋದವು. 2023ರ ಡಿಸೆಂಬರ್‌ನಲ್ಲಿ, ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳನ್ನೂ ಅಳಿಸ್ತೀವಿ ಅಂತ ನೋಟಿಸ್ ಬಂತು. ಜನ ತಿರುಗಿಬಿದ್ದರು. ಸೋನಿ ಹೊಸ ಒಪ್ಪಂದ ಮಾಡಿಕೊಂಡು ಕನಿಷ್ಠ 30 ತಿಂಗಳು ಇರುತ್ತೆ ಅಂದಿತು. ಕೊಂಡ ವಸ್ತುವಿಗೂ ವಾಯಿದೆ!

ಬಟನ್ ಮೇಲೆ 'ಖರೀದಿಸಿ' ಅಂತಿರುತ್ತೆ, ಕೈಗೆ ಸಿಗೋದು ಬರೀ ಪರವಾನಗಿ. ಕ್ಯಾಲಿಫೋರ್ನಿಯ 2024ರಲ್ಲಿ ಒಂದು ಕಾನೂನು ತಂದು, ಇದು ಪರವಾನಗಿ ಮಾತ್ರ ಅಂತ ಸ್ಪಷ್ಟಪಡಿಸದೆ ಡಿಜಿಟಲ್ ಸರಕಿಗೆ ಆ ಪದ ಬಳಸುವಂತಿಲ್ಲ ಅಂದಿತು. ಸಣ್ಣ ಹೆಜ್ಜೆ, ಆದರೆ ಅದೂ ಗದ್ದಲ ಎದ್ದ ಮೇಲೆ ಬಂದದ್ದು.

ಬೆಂಗಳೂರಿಗೂ ಇದರ ಬಿಸಿ ಇದೆ

ಈ ಉದ್ಯಮದ ದುಡಿಮೆಯ ಒಂದು ಭಾಗ ನಡೆಯೋದು ಬೆಂಗಳೂರಿನಲ್ಲಿ. ಗೇಮ್‌ಗಳ ಕಲಾಕೆಲಸ, ಸಿನಿಮಾ-ಸರಣಿಗಳ ವಿಷುವಲ್ ಎಫೆಕ್ಟ್ಸ್ ಮಾಡುವ ಸಾವಿರಾರು ಹುಡುಗ ಹುಡುಗಿಯರು ಇಲ್ಲಿದ್ದಾರೆ. ಸ್ಟ್ರೇಲಿಗೆ ಇಲ್ಲದ ಪಾಲು ಇವರಿಗೆಲ್ಲಿಂದ ಬರಬೇಕು? ಪ್ಯಾರಿಸ್ ಮೂಲದ ಟೆಕ್ನಿಕಲರ್ 2025ರ ಫೆಬ್ರವರಿಯಲ್ಲಿ ಕುಸಿದಾಗ ಅದರ ಬೆಂಗಳೂರಿನ ಕಚೇರಿಗಳೂ ಮುಚ್ಚಿದವು. ಸಿನಿಮಾ ಮತ್ತು ಗೇಮ್ ಎರಡಕ್ಕೂ ಇಲ್ಲಿ ಕೆಲಸ ನಡೀತಿತ್ತು. ಆ ತಿಂಗಳ ಸಂಬಳಕ್ಕೂ ಗತಿಯಿಲ್ಲದ ಸ್ಥಿತಿ ಇತ್ತು ಅಂತ ವರದಿಯಾಯಿತು.

ರಾಜ್ಯ ಸರ್ಕಾರಕ್ಕೆ ಈ ಕ್ಷೇತ್ರದ ಮೇಲೆ ಆಸೆ ಇದೆ. 2024-29ರ ಎವಿಜಿಸಿ-ಎಕ್ಸ್‌ಆರ್ ನೀತಿಯೇ ಅದಕ್ಕೆ ಸಾಕ್ಷಿ. ಅದೇ ಸರ್ಕಾರ 2024ರಲ್ಲಿ ಐಟಿ ಜೊತೆಗೆ ಅನಿಮೇಷನ್, ಗೇಮಿಂಗ್, ಕಂಪ್ಯೂಟರ್ ಗ್ರಾಫಿಕ್ಸ್ ಉದ್ಯಮಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಇದ್ದ ವಿನಾಯಿತಿಯನ್ನು ಇನ್ನೂ 5 ವರ್ಷ ಮುಂದುವರಿಸಿತು. ಕೆಲಸದ ಹೊತ್ತು, ರಜೆ, ವಜಾ ಮಾಡುವ ಕ್ರಮ ಇವನ್ನೆಲ್ಲ ಮಾಲೀಕರು ಬರಹದಲ್ಲಿಟ್ಟು ಕಾರ್ಮಿಕ ಇಲಾಖೆಯಿಂದ ಪ್ರಮಾಣೀಕರಿಸಿಕೊಳ್ಳಬೇಕು ಅನ್ನೋ ಕಾಯ್ದೆ ಅದಾಗಿತ್ತು. ಐಟಿ ನೌಕರರ ಸಂಘ ಕೆಐಟಿಯು ಈ ವಿನಾಯಿತಿಯನ್ನು ವಿರೋಧಿಸುತ್ತಲೇ ಬಂದಿದೆ. ಆ ಕಾಯ್ದೆಯ ಜಾಗಕ್ಕೆಂದೇ ಕೇಂದ್ರ ತಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಸ್ಥಾಯಿ ಆದೇಶವನ್ನು 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗಷ್ಟೇ ಸೀಮಿತ ಮಾಡುತ್ತೆ. ಸಣ್ಣ ಸ್ಟುಡಿಯೊಗಳ ನೌಕರರು ಹೊರಗೇ.

ವಿನಾಯಿತಿ ಇರಲಿ ಬಿಡಲಿ, ಸಂಘ ಕಟ್ಟುವ ಹಕ್ಕನ್ನು ಯಾರೂ ಕಿತ್ತುಕೊಂಡಿಲ್ಲ. ನಾವು ಕಲಾವಿದರು, ಕಾರ್ಮಿಕರಲ್ಲ ಅನ್ನೋ ಭಾವನೆ ಈ ಕ್ಷೇತ್ರದಲ್ಲಿ ಇನ್ನೂ ಗಟ್ಟಿಯಾಗಿದೆ. ಬೆಥೆಸ್ಡಾದ ಕಲಾವಿದರೂ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಕಾರ್ಮಿಕರೇ ಆಗಿದ್ದರು.

ಮುಂದಿನ ವರ್ಷಗಳಲ್ಲಿ ಇನ್ನಷ್ಟು ಗೇಮ್‌ಗಳು ಸರಣಿಗಳಾಗುತ್ತವೆ. ಚೆನ್ನಾಗಿದ್ದರೆ ನೋಡೋಣ, ತಪ್ಪೇನಿಲ್ಲ. ಕೊನೆಯಲ್ಲಿ ಹೆಸರುಗಳ ಪಟ್ಟಿ ಬರುವಾಗ 'ಸ್ಕಿಪ್' ಒತ್ತುವ ಮೊದಲು ಅಲ್ಲಿ ಯಾರಿಲ್ಲ ಅಂತಲೂ ಒಮ್ಮೆ ಹುಡುಕಿ. ಆ ಪಟ್ಟಿಯಲ್ಲಿ ಹೆಸರು ಬರೋದು ಕಂಪನಿಯ ಔದಾರ್ಯದಿಂದ ಅಲ್ಲ, ಯಾರೋ ಕೂಡಿ ನಿಂತು ಕೇಳಿದ್ದರಿಂದ.