ಹುಂಡಿಯಾಚೆಯ ಜಾತ್ರೆ

ಬನದ ಹುಣ್ಣಿಮೆಗೆ ಬಾದಾಮಿ ಪಕ್ಕದ ಬನಶಂಕರಿಗೆ ಹೋಗುವವರೆಲ್ಲ ದೇವಿಯ ದರ್ಶನಕ್ಕೇ ಹೋಗುತ್ತಾರೆ ಎಂದೇನಿಲ್ಲ. ಮನೆ ಕಟ್ಟಿಸುತ್ತಿರುವವರು ಬಾಗಿಲು ಕೊಳ್ಳಲು ಹೋಗುತ್ತಾರೆ. ಕೆತ್ತನೆಯ ಬಾಗಿಲು, ಚೌಕಟ್ಟುಗಳನ್ನು ಸಾಲಾಗಿ ಒರಗಿಸಿಟ್ಟ ಅಂಗಡಿಗಳ ಮುಂದೆ ನಿಂತು, ಮರವನ್ನು ಬೆರಳಿನಿಂದ ಬಡಿದು ನೋಡಿ, ಚೌಕಾಸಿ ಮಾಡಿ, ಗಾಡಿಗೆ ಹೇರಿಸಿಕೊಂಡು ಊರಿಗೆ ಮರಳುತ್ತಾರೆ. ಕತ್ತಲಾದ ಮೇಲೆ ನಾಟಕ ಕಂಪನಿಗಳ ಸರದಿ. ಸಿನಿಮಾ, ಟಿವಿ, ಮೊಬೈಲು ಮೂರನ್ನೂ ದಾಟಿಕೊಂಡು ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿ ಇನ್ನೂ ಉಸಿರಾಡುತ್ತಿದ್ದರೆ, ಬನಶಂಕರಿಯಂಥ ಜಾತ್ರೆಗಳ ಗಲ್ಲಾಪೆಟ್ಟಿಗೆಗೆ ಅದರಲ್ಲಿ ದೊಡ್ಡ ಪಾಲಿದೆ.

ಈ ಜಾತ್ರೆಯ ಬಯಲು ಸರ್ಕಾರದ ಕಡತದಲ್ಲಿ ಎಲ್ಲಿದೆ? ಗುಡಿಗಳನ್ನು ನೋಡಿಕೊಳ್ಳುವ ಮುಜರಾಯಿ ಇಲಾಖೆಗೆ ಆಧಾರವಾಗಿರುವುದು 1997ರ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ. ಜಾರಿಗೆ ಬಂದದ್ದು 2003ರಲ್ಲಿ. ಅದರಡಿ ವರ್ಷಕ್ಕೆ 25 ಲಕ್ಷ ರೂಪಾಯಿಗೂ ಹೆಚ್ಚು ಆದಾಯವಿರುವ ಗುಡಿ ‘ಎ’ ದರ್ಜೆಯದು, 5ರಿಂದ 25 ಲಕ್ಷದವರೆಗಿನದು ‘ಬಿ’, ಉಳಿದದ್ದೆಲ್ಲ ‘ಸಿ’. ಹುಂಡಿ ತುಂಬಿದಂತೆ ಗುಡಿಯ ದರ್ಜೆ ಏರುತ್ತದೆ. ಎಷ್ಟು ಕಂಪನಿಗಳು ಡೇರೆ ಹಾಕಿದವು, ಎಷ್ಟು ಬಡಿಗರು ವ್ಯಾಪಾರ ಮಾಡಿದರು ಎಂಬುದಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ. ಜಾತ್ರೆಯ ಸಂಸ್ಕೃತಿ ಬದುಕಿರುವುದು ಮಾತ್ರ ಅಲ್ಲೇ, ಗರ್ಭಗುಡಿಯ ಹೊರಗೆ.

ಸಂಸ್ಕೃತಿಗಾಗಿ ಸರ್ಕಾರ ಬೇರೆಯದೇ ದಾರಿ ಹಿಡಿದಿದೆ: ಉತ್ಸವ. ರಾಜಕಾರಣಿ ಎಂ.ಪಿ. ಪ್ರಕಾಶರ ಮುತುವರ್ಜಿಯಿಂದ ಶುರುವಾದ ಹಂಪಿ ಉತ್ಸವಕ್ಕೆ ಒಳ್ಳೆಯ ಉದ್ದೇಶವೇ ಇತ್ತು. ಆದರೆ ಉತ್ಸವ ಅನುದಾನದ ಕೂಸು. 2018ರಲ್ಲಿ ಬರದ ಕಾರಣಕ್ಕೆ ಹಿಂದೆಮುಂದೆ ನೋಡಿ, ಕಡೆಗೆ 2019ರ ಮಾರ್ಚ್‌ನಲ್ಲಿ ಅದನ್ನು ನಡೆಸಲಾಯಿತು. ಅದೇ ಹಂಪಿಯಲ್ಲಿ ವಿರೂಪಾಕ್ಷನ ತೇರು ಯಾವ ಆದೇಶಕ್ಕೂ ಕಾಯದೆ ಚೈತ್ರದಲ್ಲಿ ಹೊರಡುತ್ತದೆ. ಉತ್ಸವಕ್ಕೆ ಪ್ರೇಕ್ಷಕರು ಬರುತ್ತಾರೆ. ಜಾತ್ರೆಗೆ ಬಂದವರೇ ಜಾತ್ರೆ.

ಹಾಗೆಂದು ಸರ್ಕಾರ ಜಾತ್ರೆಯ ತಂಟೆಗೇ ಹೋಗಬಾರದು ಎನ್ನುವುದು ಸೋಮಾರಿ ವಾದ. ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಿಂತದ್ದು, ಅದನ್ನು ವಿರೋಧಿಸಿದವರ ಮೇಲೆ ಭಕ್ತರು ತಿರುಗಿಬಿದ್ದ 1986ರ ಗಲಭೆಯ ನಂತರ, ಸರ್ಕಾರ ಕೈ ಹಾಕಿದ ಮೇಲೆ. ದೇವದಾಸಿ ಬಿಡುವುದನ್ನು ಅಪರಾಧವಾಗಿಸಿದ 1982ರ ಕಾಯ್ದೆ ಬರದಿದ್ದರೆ ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಇನ್ನೆಷ್ಟು ಹುಡುಗಿಯರ ಬಾಳು ಹಾಳಾಗುತ್ತಿತ್ತೋ. ಮನುಷ್ಯರ ಘನತೆಗೆ ಪೆಟ್ಟು ಬೀಳುವಲ್ಲಿ ‘ಸಂಪ್ರದಾಯ’ ಎಂಬ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಗೊಂದಲ ಹುಟ್ಟುವುದು ಈ ಅಳತೆಗೋಲು ಕೈತಪ್ಪಿದಾಗ. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಜಾತ್ರೆಯೂ ಅದೇ ಬನದ ಹುಣ್ಣಿಮೆಗೆ ಶುರುವಾಗುತ್ತದೆ. ಮೊದಲ ರಾತ್ರಿ ಬಿದಿರು-ಬಟ್ಟೆಯ ಚಂದ್ರಮಂಡಲಕ್ಕೆ ಬೆಂಕಿ ಕೊಟ್ಟು, ಉರಿ ಯಾವ ದಿಕ್ಕಿಗೆ ವಾಲಿತೆಂದು ನೋಡಿ ಆ ಸೀಮೆಗೆ ಮಳೆ-ಬೆಳೆ ಚೆನ್ನ ಎನ್ನುತ್ತಾರೆ. ಹಾಡುವ ಪರಂಪರೆಯ ನೀಲಗಾರರು ತಂಬೂರಿ ಮೀಟಿ, ಸಿದ್ಧಪ್ಪಾಜಿಯ ಗುರು ಮಂಟೇಸ್ವಾಮಿಯ ಕಥೆ ಹಾಡುತ್ತಾರೆ. ನಾಲ್ಕನೆಯ ದಿನ ಪಂಕ್ತಿಸೇವೆ: ಬಿಡಾರಗಳಲ್ಲಿ ಬಾಡೂಟ ಬೇಯಿಸಿ, ಸಿದ್ಧಪ್ಪಾಜಿಗೆ ಎಡೆಯಿಟ್ಟು, ಜಾತಿ ಕೇಳದೆ ಸಾಲಿನಲ್ಲಿ ಕೂತು ಉಣ್ಣುವುದು. ಜಿಲ್ಲಾಡಳಿತ 1959ರ ಪ್ರಾಣಿಬಲಿ ತಡೆ ಕಾಯ್ದೆಯನ್ನು ಮುಂದಿಟ್ಟುಕೊಂಡು ಚೆಕ್‌ಪೋಸ್ಟ್ ಹಾಕಿ, ಕುರಿ-ಕೋಳಿ ತಂದವರನ್ನು ತಡೆಯುತ್ತ ಬಂದಿದೆ. ಇದು ಬಲಿಯಲ್ಲ, ಊಟ ಎನ್ನುತ್ತಾರೆ ಒಕ್ಕಲಿನವರು. ಗುಡಿಯ ಮುಂದೆ ಕೊಯ್ಯುವುದಕ್ಕೂ ಬಿಡಾರದಲ್ಲಿ ಅಡುಗೆ ಮಾಡುವುದಕ್ಕೂ ಇರುವ ಅಂತರ ಊರಿನ ಮಕ್ಕಳಿಗೂ ಗೊತ್ತು. ಸಹಪಂಕ್ತಿ ಭೋಜನದ ಬಗ್ಗೆ ವೇದಿಕೆಯಲ್ಲಿ ಭಾಷಣ ಮಾಡುವ ವ್ಯವಸ್ಥೆಯೇ ನಿಜವಾದ ಪಂಕ್ತಿಯ ಎಲೆಗೆ ಕಾವಲು ಕೂರುವುದು ವಿಚಿತ್ರ.

ಅಳತೆಗೋಲು ಕೈತಪ್ಪಿದ್ದು ವ್ಯಾಪಾರದ ವಿಷಯದಲ್ಲೂ. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಗುಡಿ ಸೇರಿ ಕರಾವಳಿಯ ಹಲವೆಡೆ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಆಗ ಸದನದಲ್ಲಿ ಪ್ರಸ್ತಾಪವಾದದ್ದು ಅದೇ ಮುಜರಾಯಿ ಕಾಯ್ದೆಯಡಿಯ 2002ರ ನಿಯಮ: ಧಾರ್ಮಿಕ ಸಂಸ್ಥೆಯ ಸಮೀಪದ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದು. ಆಸ್ತಿಯ ಗುತ್ತಿಗೆಗೆಂದು ಬರೆದ ಸಾಲನ್ನು ನಾಲ್ಕು ದಿನದ ಬಳೆ ಅಂಗಡಿಯವರೆಗೂ ಎಳೆದದ್ದು ಕಾನೂನಿನ ಜಾಣ್ಮೆಯೇನಲ್ಲ. ಇದಕ್ಕೆ ಎದುರಾಗಿ, ಬೆಂಗಳೂರಿನ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುತ್ತದೆ. ಅದನ್ನು ಯಾವ ನಿಯಮವೂ ಹೇಳಿಕೊಟ್ಟಿದ್ದಲ್ಲ.

ಒಂದು ತಮಾಷೆಯೆಂದರೆ, ಇತ್ತೀಚಿನ ವರ್ಷಗಳಲ್ಲಿ ಜಾತ್ರೆಗಳನ್ನು ಹೆಚ್ಚು ಬದಲಿಸಿದ ನಿರ್ಧಾರ ಮುಜರಾಯಿಯದೂ ಅಲ್ಲ, ಸಂಸ್ಕೃತಿ ಇಲಾಖೆಯದೂ ಅಲ್ಲ, ಸಾರಿಗೆ ಇಲಾಖೆಯದು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಶುರುವಾದ ಮೇಲೆ, ಯಾರನ್ನೂ ದುಡ್ಡು ಕೇಳದೆ ಹೆಂಗಸರು ಬಸ್ಸು ಹತ್ತಿ ದೇವರ ಊರುಗಳಿಗೆ ಹೊರಟರು. ಬಂದವರಿಗೆ ಬಯಲಿನಲ್ಲಿ ಶೌಚಾಲಯ, ದೀಪ, ಕುಡಿಯುವ ನೀರು ಬೇಕಲ್ಲ? ಸುರಕ್ಷತೆಯೂ ಬೇಕು. ಆನೇಕಲ್ ಬಳಿಯ ಹುಸ್ಕೂರಿನಲ್ಲಿ 2024ರಲ್ಲಿ ಎತ್ತರದ ತೇರು ಉರುಳಿತು, 2025ರಲ್ಲೂ ತೇರು ಉರುಳಿ ಜೀವ ಹೋಯಿತು. ತೇರಿನ ಎತ್ತರಕ್ಕೆ ಮಿತಿ ಹಾಕುವುದು, ಜಾತ್ರೆಮಾಳವನ್ನು ಅಳೆದು ಪಹಣಿಯಲ್ಲಿ ಜಾತ್ರೆಗೆಂದೇ ಕಾಯ್ದಿರಿಸುವುದು, ನಾಟಕದ ಡೇರೆಗೂ ಬಡಿಗನ ಅಂಗಡಿಗೂ ಮೊದಲೇ ನಿಗದಿಯಾದ ನೆಲಬಾಡಿಗೆ: ಇಷ್ಟಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ, ತಹಶೀಲ್ದಾರರ ಕಚೇರಿಯೂ ಗ್ರಾಮ ಪಂಚಾಯಿತಿಯೂ ಜಾತ್ರೆಗೆ ಮೂರು ತಿಂಗಳ ಮೊದಲೇ ಒಟ್ಟಿಗೆ ಕೂತರೆ ಸಾಕು.