‘ಇದು ವರ್ಣಭೇದವಲ್ಲ’ ಎಂಬ ಮೊದಲ ಮಾತು

ಮಾನ್ಯ ಸಂಪಾದಕರೇ,

ವರ್ಣಭೇದವೇನಿದ್ದರೂ ಅಮೆರಿಕ, ಯುರೋಪುಗಳ ಪಿಡುಗು, ನಮ್ಮಲ್ಲಿರುವುದು ಜಾತಿಯ ಜಾಡ್ಯವೇ ಹೊರತು ಬಣ್ಣದ್ದಲ್ಲ ಎಂಬ ವಾದ ಟಿ.ವಿ. ಚರ್ಚೆಗಳಲ್ಲೂ ಪತ್ರಿಕಾಗೋಷ್ಠಿಗಳಲ್ಲೂ ಮತ್ತೆ ಮತ್ತೆ ಕೇಳಿಬರುತ್ತದೆ. ಆಫ್ರಿಕಾದ ವಿದ್ಯಾರ್ಥಿಗಳ ಮೇಲೋ ಈಶಾನ್ಯ ರಾಜ್ಯಗಳ ಯುವಕರ ಮೇಲೋ ಹಲ್ಲೆ ನಡೆದಾಗ ಅಧಿಕಾರದಲ್ಲಿ ಇರುವವರ ಬಾಯಿಂದ ಬರುವ ಮೊದಲ ಮಾತೂ ಸಾಮಾನ್ಯವಾಗಿ ಇದೇ. ತನಿಖೆ ಮುಗಿಯುವುದಕ್ಕೆ ಮುಂಚೆಯೇ ತೀರ್ಪು ಹೊರಬಿದ್ದಿರುತ್ತದೆ. ಈ ಪತ್ರದ ತಕರಾರು ಆ ಮೊದಲ ಮಾತಿನ ಬಗ್ಗೆ.

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ನಡೆದದ್ದನ್ನು ನಿಮ್ಮ ಓದುಗರು ಮರೆತಿರಲಾರರು. ಸುಡಾನ್ ದೇಶದ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಬಡಿದು ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಜನ ರೊಚ್ಚಿಗೆದ್ದರು. ಸುಮಾರು ಅರ್ಧ ಗಂಟೆಯ ಬಳಿಕ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದವಳು ತಾಂಜಾನಿಯಾದ 21 ವರ್ಷದ ವಿದ್ಯಾರ್ಥಿನಿ, ಜೊತೆಗೆ ಆಕೆಯ ಗೆಳೆಯರು. ಅಪಘಾತ ಮಾಡಿದ ಕಾರು ಇವರದಲ್ಲ, ಚಾಲಕ ಇವರ ಪೈಕಿಯವನಲ್ಲ, ಅವನ ದೇಶವೂ ಇವರ ದೇಶವೂ ಬೇರೆ ಬೇರೆ. ಆದರೂ ಗುಂಪು ಅವರನ್ನು ಕಾರಿನಿಂದ ಹೊರಗೆಳೆದು ಹೊಡೆಯಿತು, ಆ ಹುಡುಗಿಯ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ಆಕೆ ಅತ್ತ ಬಂದ ಬಸ್ಸನ್ನು ಹತ್ತಿ ಪಾರಾಗಲು ಹೋದರೆ ಒಳಗಿದ್ದವರೇ ಕೆಳಕ್ಕೆ ತಳ್ಳಿದರೆಂದು ಆಗ ವರದಿಯಾಗಿತ್ತು. ಮೈಮುಚ್ಚಿಕೊಳ್ಳಲು ತನ್ನ ಅಂಗಿ ಕೊಡಲು ಮುಂದಾದ ದಾರಿಹೋಕನಿಗೂ ಏಟು ಬಿದ್ದವಂತೆ.

ಅಪಘಾತ ಮಾಡಿದವನಿಗೂ ಪೆಟ್ಟು ತಿಂದವಳಿಗೂ ಇದ್ದ ಸಂಬಂಧವೇನು? ಚರ್ಮದ ಬಣ್ಣ, ಅಷ್ಟೇ. ಹಾಗಿದ್ದೂ ಆಗಿನ ಗೃಹ ಸಚಿವ ಜಿ. ಪರಮೇಶ್ವರ ಅವರು ಇದು ಜನಾಂಗೀಯ ದಾಳಿಯಲ್ಲ, ಅಪಘಾತದಿಂದ ಕೆರಳಿದ ಜನರ ಪ್ರತಿಕ್ರಿಯೆ ಎಂದರು. ಬೆಂಗಳೂರಿಗೆ ಬಂದ ತಾಂಜಾನಿಯಾದ ಹೈಕಮಿಷನರ್, ಕಪ್ಪು ಬಣ್ಣದವಳೆಂಬ ಕಾರಣಕ್ಕೇ ಆಕೆಗೆ ಈ ಗತಿ ಬಂತು ಎಂಬ ಅರ್ಥದ ಮಾತಾಡಿದರು. ಬಂಧನಗಳಾದವು, ಕೆಲವು ಪೊಲೀಸರು ಅಮಾನತಾದರು. ಕ್ರಮ ಕೈಗೊಂಡದ್ದು ಸರಿಯೇ. ಆದರೆ ಯಾಕಾಗಿ ಹೊಡೆದರು ಎಂಬುದನ್ನು ಮಾತ್ರ ಸರಕಾರ ಬಾಯಿಬಿಟ್ಟು ಹೇಳಲಿಲ್ಲ.

ಹೊರದೇಶದಲ್ಲಿ ಏಟು ತಿಂದವರು ನಮ್ಮವರಾದಾಗ ನಮ್ಮ ಮಾತೇ ಬೇರೆ. 2009ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಸಾಲುಸಾಲಾಗಿ ಹಲ್ಲೆಗಳಾದವು. ಅಲ್ಲಿನ ಪೊಲೀಸರು, ಇವುಗಳಲ್ಲಿ ಬಹುಪಾಲು ಸಿಕ್ಕವರನ್ನು ದೋಚುವ ಪುಂಡರ ಕೆಲಸ ಎಂದಾಗ ನಮ್ಮ ಪತ್ರಿಕೆಗಳು, ವಾಹಿನಿಗಳು ಕೆಂಡವಾದವು. ಅಮಿತಾಭ್ ಬಚ್ಚನ್ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯವೊಂದರ ಗೌರವ ಡಾಕ್ಟರೇಟನ್ನೇ ಒಲ್ಲೆನೆಂದರು. ಆ ಸಿಟ್ಟು ನ್ಯಾಯವಾದದ್ದೇ. 2017ರ ಫೆಬ್ರುವರಿಯಲ್ಲಿ ಅಮೆರಿಕದ ಕನ್ಸಾಸ್‌ನ ಬಾರೊಂದರಲ್ಲಿ ತೆಲುಗು ಮೂಲದ ಎಂಜಿನಿಯರ್ ಒಬ್ಬರನ್ನು, ನನ್ನ ದೇಶ ಬಿಟ್ಟು ತೊಲಗು ಎಂದು ಕೂಗಾಡಿದವನೇ ಗುಂಡಿಟ್ಟು ಕೊಂದ. ಅದನ್ನು ದ್ವೇಷದ ಕೊಲೆಯೆಂದೇ ಕರೆಯಬೇಕು ಎಂದು ನಾವೆಲ್ಲ ಹೇಳಿದೆವು. ಅಮೆರಿಕದ ನ್ಯಾಯಾಲಯದಲ್ಲಿ ದ್ವೇಷಾಪರಾಧದ ಆರೋಪವೂ ಸಾಬೀತಾಗಿ ಕೊಲೆಗಾರನಿಗೆ ಜೀವಾವಧಿ ಶಿಕ್ಷೆಯಾಯಿತು.

ಆ ಕೊಲೆಯಾಗಿ ಸರಿಸುಮಾರು ಒಂದು ತಿಂಗಳು. ದೆಹಲಿ ಪಕ್ಕದ ಗ್ರೇಟರ್ ನೋಯಿಡಾದಲ್ಲಿ ಹದಿಹರೆಯದ ಹುಡುಗನೊಬ್ಬ ತೀರಿಕೊಂಡ. ಮಾದಕ ವಸ್ತು ಕೊಟ್ಟವರು ನೈಜೀರಿಯಾದವರು ಎಂಬ ಆರೋಪ ಹಬ್ಬಿತು, ಅದರ ಜೊತೆಗೆ ಅವರು ನರಭಕ್ಷಕರೆಂಬ ಗಾಳಿಸುದ್ದಿಯೂ ಹರಡಿತ್ತು. ಮಾರ್ಚ್ 27ರಂದು ಮಾಲ್ ಒಂದಕ್ಕೆ ನುಗ್ಗಿದ ಗುಂಪು ಕಣ್ಣಿಗೆ ಬಿದ್ದ ಆಫ್ರಿಕನ್ ವಿದ್ಯಾರ್ಥಿಗಳನ್ನು ಕುರ್ಚಿ, ಕಸದ ಡಬ್ಬಿಗಳಿಂದ ಚಚ್ಚಿದ್ದನ್ನು ದೇಶವೇ ವಿಡಿಯೊದಲ್ಲಿ ನೋಡಿತು. ಆಫ್ರಿಕಾದ ರಾಯಭಾರಿಗಳು ಒಟ್ಟಾಗಿ ಇದನ್ನು ಜನಾಂಗೀಯ ದ್ವೇಷ ಎಂದರೆ, ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ತನಿಖೆ ಮುಗಿಯುವ ತನಕ ಹಾಗೆನ್ನಲಾಗದು ಎಂದು ಸಂಸತ್ತಿನಲ್ಲಿ ಉತ್ತರಿಸಿದರು. ಕನ್ಸಾಸ್‌ಗೆ ಒಂದು ಅಳತೆ, ನೋಯಿಡಾಕ್ಕೆ ಇನ್ನೊಂದು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ.

ಅದೇ ಸಮಯದಲ್ಲಿ ಟಿ.ವಿ. ಚರ್ಚೆಯೊಂದರಲ್ಲಿ ಬಿಜೆಪಿಯ ಮಾಜಿ ಸಂಸದ ತರುಣ್ ವಿಜಯ್ ಅವರು, ಭಾರತೀಯರು ವರ್ಣಭೇದಿಗಳಾಗಿದ್ದರೆ ತಮಿಳುನಾಡು, ಕೇರಳ, ಕರ್ನಾಟಕ, ಆಂಧ್ರದವರ ಜೊತೆ ಹೇಗೆ ಬಾಳುತ್ತಿದ್ದೆವು ಎಂಬರ್ಥದ ಮಾತಾಡಿ, ಬಳಿಕ ಕ್ಷಮೆ ಕೇಳಿದರು. ಕನ್ನಡಿಗರಿಗೆ ಆಗ ಕೋಪ ಬಂತು, ಬರಲೇಬೇಕಿತ್ತು. ತಮ್ಮ ಮೈಬಣ್ಣವನ್ನು ಇನ್ನೊಬ್ಬರು ಸಹಿಸಿಕೊಂಡ ಉಪಕಾರದಂತೆ ಎಣಿಸಿದಾಗ ಆಗುವ ಅವಮಾನವನ್ನು ದಕ್ಷಿಣದವರು ಆ ದಿನ ಉಂಡರು. ಹೆಸರಘಟ್ಟ ರಸ್ತೆಯ ಹುಡುಗಿ ಅನುಭವಿಸಿದ್ದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ದಾಳಿ ಜನಾಂಗೀಯವೋ ಅಲ್ಲವೋ ಎಂಬ ಪ್ರಶ್ನೆಯನ್ನು ಬ್ರಿಟನ್ ಎದುರಿಸಿದ ಬಗೆಯನ್ನು ನಮ್ಮ ಅಧಿಕಾರಿಗಳು ಓದಬೇಕು. 1993ರ ಏಪ್ರಿಲ್ 22ರಂದು ಲಂಡನ್ನಿನ ಬಸ್ ನಿಲ್ದಾಣವೊಂದರ ಬಳಿ ಬಿಳಿಯ ಯುವಕರ ಗುಂಪು ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನನ್ನು ಇರಿದು ಕೊಂದಿತು. ಅವನಿಗೆ ಹದಿನೆಂಟು ವರ್ಷ. ಪೊಲೀಸರ ತನಿಖೆ ಹಳ್ಳ ಹಿಡಿಯಿತು. ಹೆತ್ತವರು ಪಟ್ಟು ಬಿಡಲಿಲ್ಲ. ಕೊನೆಗೆ ನಿವೃತ್ತ ನ್ಯಾಯಾಧೀಶ ವಿಲಿಯಂ ಮ್ಯಾಕ್‌ಫರ್ಸನ್ ನೇತೃತ್ವದ ವಿಚಾರಣೆ ನಡೆದು, 1999ರ ಫೆಬ್ರುವರಿಯಲ್ಲಿ ಬಂದ ವರದಿ ಲಂಡನ್ ಪೊಲೀಸ್ ವ್ಯವಸ್ಥೆಯ ಒಳಗೇ ವರ್ಣಭೇದ ಬೇರೂರಿದೆ ಎಂದಿತು. ಅದು ಮಾಡಿದ 70 ಶಿಫಾರಸುಗಳಲ್ಲಿ ಒಂದು ನಮಗೆ ನೇರವಾಗಿ ಅನ್ವಯಿಸುತ್ತದೆ. ನೊಂದವರಾಗಲಿ ಇನ್ನಾರೇ ಆಗಲಿ ಇದು ಜನಾಂಗೀಯ ಘಟನೆ ಎಂದು ಭಾವಿಸಿದರೆ ಪೊಲೀಸರು ಅದನ್ನು ಹಾಗೆಯೇ ದಾಖಲಿಸಿಕೊಂಡು ತನಿಖೆಗಿಳಿಯಬೇಕು. ಸುಳ್ಳೋ ನಿಜವೋ ಎಂಬುದನ್ನು ತನಿಖೆ ತೀರ್ಮಾನಿಸಲಿ, ತನಿಖೆಯ ಬಾಗಿಲನ್ನು ಮೊದಲೇ ಮುಚ್ಚುವಂತಿಲ್ಲ. ಲಾರೆನ್ಸ್ ಕೊಲೆಗೆ ಇಬ್ಬರಿಗೆ ಶಿಕ್ಷೆಯಾದದ್ದು 2012ರಲ್ಲಿ. ಅಷ್ಟು ತಡವಾಗಿಯಾದರೂ ಆಯಿತಲ್ಲ.

ನಮ್ಮಲ್ಲೂ ಒಂದು ವರದಿ ಇದೆ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾನ ಕೂದಲನ್ನು ಅಂಗಡಿಯಲ್ಲಿದ್ದವರು ಗೇಲಿ ಮಾಡಿದರು. ಮಾತಿಗೆ ಮಾತು ಬೆಳೆದು ಹೊಡೆದಾಟವಾಯಿತು, ಮರುದಿನ ಅವನು ತೀರಿಕೊಂಡ. ಕೇಂದ್ರ ಸರಕಾರ ಎಂ.ಪಿ. ಬೆಜ್‌ಬರುವಾ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಅದೇ ವರ್ಷ ಬಂದ ವರದಿ ಜನಾಂಗೀಯ ನಿಂದನೆಗೆ ಪ್ರತ್ಯೇಕ ಕಾನೂನು ಬೇಕು, ಇಲ್ಲವೇ ದಂಡ ಸಂಹಿತೆಗೆ 153ಸಿ ಮತ್ತು 509ಎ ಎಂಬ ಹೊಸ ಕಲಂಗಳು ಸೇರಬೇಕು ಎಂದಿತು. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಈಶಾನ್ಯದವರ ಮೇಲಿನ ಇಂಥ ಕಿರುಕುಳದ ಮೇಲೆ ಕಣ್ಣಿಡಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಕಲಂಗಳು ಮಾತ್ರ ಬರಲೇ ಇಲ್ಲ.

ಹಳೆಯ ದಂಡ ಸಂಹಿತೆಯನ್ನೇ ತೆಗೆದುಹಾಕಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ತಂದಾಗ ಇದಕ್ಕೆ ಒಳ್ಳೆಯ ಅವಕಾಶವಿತ್ತು. ಐವರು ಅಥವಾ ಹೆಚ್ಚು ಮಂದಿ ಸೇರಿ ಜನಾಂಗ, ಜಾತಿ, ಭಾಷೆ ಮುಂತಾದ ಕಾರಣಕ್ಕೆ ಕೊಲೆ ಮಾಡಿದರೆ ಗಲ್ಲು ಅಥವಾ ಜೀವಾವಧಿ ಎಂಬ 103(2) ಕಲಂ ಅದರಲ್ಲಿದೆ. ಅದು ಬಂದದ್ದು ಒಳ್ಳೆಯದೇ. ಆದರೆ ಬರೀ ನಿಂದನೆಗೆ ಅದು ಅನ್ವಯಿಸದು. ಬೀದಿಯಲ್ಲಿ ಒಬ್ಬಾತ ಮಣಿಪುರದ ಹುಡುಗಿಯನ್ನು ‘ಚಿಂಕಿ’ ಎಂದು ಹೀಯಾಳಿಸಿದರೆ ಠಾಣೆಯಲ್ಲಿ ಸಿಗುವುದು ಉದ್ದೇಶಪೂರ್ವಕ ಅವಮಾನವೆಂಬ ಸಾಮಾನ್ಯ ಕಲಂ. ಅದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ದೂರು ಅಸಂಜ್ಞೇಯ ಪ್ರಕರಣಗಳ (ಎನ್‌ಸಿಆರ್) ಪುಸ್ತಕದಲ್ಲಿ ಒಂದು ಸಾಲಾಗಿ ಉಳಿಯುತ್ತದೆ. ಬೇಕೆಂದರೆ ಅವಮಾನವನ್ನು ಹೆಸರಿಟ್ಟು ಅಪರಾಧವೆನ್ನಲು ನಮ್ಮ ಶಾಸನಕ್ಕೆ ಬರುತ್ತದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಗೆ 1989ರಲ್ಲಿ ಬಂದ ಕಾಯ್ದೆ ಅದನ್ನೇ ಮಾಡಿದೆ.

ಜಾತಿ ಇರುವಲ್ಲಿ ವರ್ಣಭೇದದ ಮಾತೇಕೆ ಎನ್ನುವವರು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳನ್ನು ಕೇಳಿ ನೋಡಬೇಕು. ಪೋರ್ಚುಗೀಸರ ಗುಲಾಮ ವ್ಯಾಪಾರದಲ್ಲಿ ಆಫ್ರಿಕಾದಿಂದ ಗೋವೆಗೆ ಬಂದಿಳಿದವರ ಸಂತತಿ ಅವರಲ್ಲಿ ದೊಡ್ಡ ಪಾಲು. ತಲೆಮಾರುಗಳಿಂದ ಉತ್ತರ ಕನ್ನಡದ ಕಾಡಂಚಿನಲ್ಲಿ ಗದ್ದೆ ತೋಟಗಳಲ್ಲಿ ದುಡಿದವರು, ಕನ್ನಡ, ಕೊಂಕಣಿ ಆಡುವವರು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಅದೇ ಸಮುದಾಯದ ಯುವಕ ಬೆಂಗಳೂರಿನಲ್ಲಿ ಬಸ್ಸು ಹತ್ತಿದರೆ ಯಾವ ದೇಶ ನಿಂದು ಎಂಬ ಪ್ರಶ್ನೆ ಎದುರಾಗುತ್ತದೆ. ಕನ್ನಡದಲ್ಲಿ ಉತ್ತರ ಕೊಟ್ಟರೆ ಇಷ್ಟು ಚೆನ್ನಾಗಿ ಎಲ್ಲಿ ಕಲಿತೆ ಎಂಬ ಮರುಪ್ರಶ್ನೆ.

ಮೈಸೂರಿನಲ್ಲಿ 2020ರ ಮಾರ್ಚ್ ಕೊನೆಯಲ್ಲಿ, ಲಾಕ್‌ಡೌನ್ ಶುರುವಾಗಿದ್ದ ದಿನಗಳಲ್ಲಿ, ನಾಗಾಲ್ಯಾಂಡಿನ ಯುವಕರು ದಿನಸಿಗೆಂದು ಸೂಪರ್ ಮಾರ್ಕೆಟ್ ಒಂದಕ್ಕೆ ಹೋದರು. ಮುಖ ನೋಡಿ ವಿದೇಶಿಯರೆಂದು ಬಾಗಿಲಲ್ಲೇ ತಡೆದರು. ಆಧಾರ್ ಕಾರ್ಡ್ ತೋರಿಸಿದರೂ ಬಿಡಲಿಲ್ಲ. ಪೊಲೀಸರು ಪ್ರಕರಣ ದಾಖಲಿಸಿ ಅಂಗಡಿಯ ಸಿಬ್ಬಂದಿಯನ್ನು ಬಂಧಿಸಿದ್ದು ಮೆಚ್ಚುವ ಕೆಲಸ. ಮನಸ್ಸು ಮಾಡಿದರೆ ಠಾಣೆ ಏನು ಮಾಡಬಲ್ಲದು ಎಂಬುದಕ್ಕೆ ಅದೇ ಸಾಕ್ಷಿ.

ಅದಕ್ಕೂ ಎಂಟು ವರ್ಷ ಹಿಂದೆ, 2012ರ ಆಗಸ್ಟ್‌ನಲ್ಲಿ, ತಮ್ಮ ಮೇಲೆ ದಾಳಿಯಾಗಲಿದೆ ಎಂಬ ವದಂತಿಗೆ ಹೆದರಿ ಸಾವಿರಾರು ಮಂದಿ ಈಶಾನ್ಯದವರು ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿ ಬೆಂಗಳೂರು ಬಿಟ್ಟರು. ಗೃಹ ಸಚಿವರಾಗಿದ್ದ ಆರ್. ಅಶೋಕ ಅವರೇ ಸಿಟಿ ರೈಲು ನಿಲ್ದಾಣಕ್ಕೆ ಬಂದು, ಊರು ಬಿಡಬೇಡಿ ಎಂದು ಕೇಳಿಕೊಂಡರು. ಸುಳ್ಳು ಎಸ್ಸೆಮ್ಮೆಸ್ಸನ್ನು ಅಷ್ಟು ಜನ ನಂಬಿದರೆಂದರೆ, ಈ ಊರು ತಮ್ಮದಲ್ಲವೆಂಬ ಅಳುಕು ಅವರಲ್ಲಿ ಮೊದಲೇ ಮನೆಮಾಡಿತ್ತು ಎಂದೇ ಅರ್ಥ.

ಮಾದಕ ವಸ್ತು ಮಾರುವವರನ್ನು, ವೀಸಾ ಮುಗಿದರೂ ಉಳಿದವರನ್ನು ಹಿಡಿಯಬಾರದೆಂದು ಯಾರೂ ಹೇಳುತ್ತಿಲ್ಲ. ತಪ್ಪು ಮಾಡಿದವನನ್ನು ಹಿಡಿಯಲಿ. ಒಬ್ಬನ ತಪ್ಪಿಗೆ ಅವನ ಬಣ್ಣದವರೆಲ್ಲ ಬೆಲೆ ತೆರಬೇಕೆಂಬುದನ್ನು ಒಪ್ಪಲಾಗದು.

ಆದ್ದರಿಂದ ಕೇಂದ್ರ ಗೃಹ ಸಚಿವಾಲಯವು ಬೆಜ್‌ಬರುವಾ ಸಮಿತಿ ಕೇಳಿದ ಕಲಂಗಳನ್ನು ನ್ಯಾಯ ಸಂಹಿತೆಗೆ ಸೇರಿಸಲಿ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಬಣ್ಣ, ಮುಖಚಹರೆಯ ಕಾರಣಕ್ಕೆ ಹಲ್ಲೆ, ನಿಂದನೆ ಆಯಿತೆಂದು ದೂರುದಾರ ಹೇಳಿದರೆ ಆ ಮಾತನ್ನು ದೂರಿನಲ್ಲಿ ಇದ್ದಂತೆಯೇ ಬರೆದುಕೊಳ್ಳಬೇಕೆಂದು ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಅದಕ್ಕೆ ಹೊಸ ಕಾನೂನೂ ಬೇಡ, ದೆಹಲಿಯ ಅಪ್ಪಣೆಯೂ ಬೇಡ. ಇಂಥ ಸುದ್ದಿ ಮುಂದೆ ಬಂದಾಗ, ದಯವಿಟ್ಟು, ಸಚಿವರ ಹೇಳಿಕೆಯ ಜೊತೆಗೆ ಠಾಣೆಯಲ್ಲಿ ಯಾವ ಕಲಂ ಹಾಕಿದ್ದಾರೆ ಎಂಬುದನ್ನೂ ನಿಮ್ಮ ವರದಿಗಾರರು ಕೇಳಿ ಪ್ರಕಟಿಸಲಿ.

ಇತಿ,
ಉತ್ತರ ಕನ್ನಡದ ಓದುಗ