ಶಿಬಿರದಲ್ಲಿ ಮಾವುತ, ಕಾಡಿನಲ್ಲಿ ಅತಿಕ್ರಮಣಕಾರ

ಮತ್ತಿಗೋಡಿನಂಥ ಆನೆ ಶಿಬಿರಗಳಲ್ಲಿ ಆನೆಗಳನ್ನು ಮೇಯಲು ಕಾಡಿಗೆ ಬಿಡುತ್ತಾರೆ. ಕಾಲಿನ ಸರಪಳಿ ನೆಲದ ಮೇಲೆ ಗೀರೆಳೆಯುತ್ತ ಹೋಗುತ್ತದೆ. ಬೆಳಿಗ್ಗೆ ಮಾವುತ, ಅವನ ಸಹಾಯಕ ಕಾವಾಡಿ ಆ ಗೀರು ಹಿಡಿದು ಹೊರಡಬೇಕು. ಮುರಿದ ಬಿದಿರು, ಇನ್ನೂ ಹಸಿಯಿರುವ ಲದ್ದಿ, ಪಕ್ಕದಲ್ಲೇ ಮೂಡಿದ ಕಾಡಾನೆಯ ಹೆಜ್ಜೆ, ಎಲ್ಲವನ್ನೂ ನೋಡುತ್ತಲೇ ಮುಂದಕ್ಕೆ ಹೋಗಬೇಕು. ಆನೆ ಸಿಕ್ಕ ಮೇಲೆ ಸ್ನಾನ, ಗಾಯಕ್ಕೆ ಮದ್ದು, ಮೇವು. ಕಪೋಲದಲ್ಲಿ ಮದ ಜಿನುಗುವ ಮೊದಲೇ ಅದರ ನಡೆ ಬದಲಾದದ್ದನ್ನು ಹಿಡಿಯುವವರು, ಮೇವು ಬಿಟ್ಟಿದೆಯೆಂದು ವೈದ್ಯರಿಗೆ ಹೇಳಿಕಳಿಸುವವರು ಇವರೇ.

ನಾಗರಹೊಳೆ ಸುತ್ತಿನ ಶಿಬಿರಗಳಲ್ಲಿ ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಜೇನುಕುರುಬರು. 1971ರಲ್ಲಿ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆಯುವವರೆಗೂ ಕಾಡಾನೆ ಹಿಡಿಯಲು ಸರ್ಕಾರಕ್ಕೆ ಬೇಕಾದದ್ದು ಈ ಕಾಡಿನ ಜನರೇ. ಆದರೆ ಅದೇ ಕಾಡಿನಿಂದ ಅವರ ಹಾಡಿಗಳನ್ನು ಎಬ್ಬಿಸಲಾಯಿತು. 2025ರ ಮೇನಲ್ಲಿ ಐವತ್ತರಷ್ಟು ಕುಟುಂಬಗಳು ನಾಗರಹೊಳೆಯ ಕರಡಿಕಲ್ಲಿಗೆ ಮರಳಿ ಗುಡಿಸಲು ಹಾಕಿದಾಗ ಅರಣ್ಯ ಇಲಾಖೆಗೆ ಕಂಡದ್ದು ಅತಿಕ್ರಮಣ. ಆನೆಯ ಬೆನ್ನ ಮೇಲೆ ಕಾಡು ಹೊಕ್ಕರೆ ನೌಕರ, ಬರಿಗಾಲಲ್ಲಿ ಹೊಕ್ಕರೆ ಅಪರಾಧಿ. ಈ ವಿಂಗಡಣೆ ಯಾವ ಸಂರಕ್ಷಣಾ ಶಾಸ್ತ್ರದಲ್ಲಿದೆಯೋ!

ಹಾಗೆಂದು ಆನೆ ವಿದ್ಯೆ ಇವರ ರಕ್ತದಲ್ಲೇ ಬಂದಿದೆ ಎಂಬ ಹೊಗಳಿಕೆಯೂ ಬೇಡ. ಅದು ಉಪಕಾರದ ವೇಷ ತೊಟ್ಟ ಅಪಚಾರ. ಕಾವಾಡಿಯಾಗಿ ಮೇವು ಹೊತ್ತು, ಲದ್ದಿ ಬಳಿದು, ಹಿರಿಯ ಮಾವುತನ ಬೈಗುಳ ತಿಂದು ವರ್ಷಗಟ್ಟಲೆ ಕಲಿಯುವ ಕಸುಬಿದು. ಮಾವುತನ ಮಗ ಓದಿ ಗುಮಾಸ್ತನಾಗಲು ಬಯಸಿದರೆ ತಪ್ಪೇನೂ ಇಲ್ಲ. ಹುಟ್ಟಿನಿಂದಲೇ ಬಂದದ್ದೆಂದು ಬಿಟ್ಟರೆ, ಕಲಿತ ಕಸುಬಿಗೆ ಕೊಡಬೇಕಾದ ಸಂಬಳ ತಪ್ಪಿಸುವುದು ಸುಲಭ.

ತಮಿಳುನಾಡಿನಲ್ಲೂ ಇದೇ ವಿರೋಧಾಭಾಸ. ಮುದುಮಲೆಯ ತೆಪ್ಪಕಾಡಿನಲ್ಲಿ ಆನೆಮರಿ ಸಾಕಿದ ಬೊಮ್ಮನ್–ಬೆಳ್ಳಿ ದಂಪತಿ ನಮ್ಮ ಜೇನುಕುರುಬರ ಬಳಗದ ಕಾಟ್ಟುನಾಯಕರ್ ಸಮುದಾಯದವರು. ಅವರ ಕುರಿತ ‘ದಿ ಎಲಿಫೆಂಟ್ ವಿಸ್ಪರರ್ಸ್’ ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂತು. ಸರ್ಕಾರ ಅಲ್ಲಿನ ಮಾವುತರು, ಕಾವಾಡಿಗಳಿಗೆ ತಲಾ ಒಂದು ಲಕ್ಷ ರೂಪಾಯಿ, ಮನೆಗಳನ್ನು ಘೋಷಿಸಿತು. ಒಳ್ಳೆಯದೇ. ಆದರೆ ಅದೇ ವರ್ಷ ಆನೆ ಪಾಲನೆ ಕಲಿಯಲು ಮಾವುತರನ್ನು ಥಾಯ್ಲೆಂಡಿಗೂ ಕಳಿಸಿತು. ಪಾಠ ಹೇಳಬೇಕಾದವರು ಬೆಂಚಿನಲ್ಲಿ ಕೂತರು.

ಹೀಗೆ ಮಾವುತನ ಮಾತು ಕೇಳದಿದ್ದರೆ ನಮ್ಮಲ್ಲಿ ಈಗ ಅಪಾಯ ಇನ್ನೂ ಹೆಚ್ಚು. ಹಾಸನ, ಕೊಡಗಿನ ಕಾಡಾನೆ ಸೆರೆ ಕಾರ್ಯಾಚರಣೆಗೆ ಇಲಾಖೆ ನೆಚ್ಚಿರುವುದು ಸಾಕಾನೆಗಳನ್ನೇ. ಮೈಸೂರು ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರಿನಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತ. ಅಂಥ ಕಡೆ ಆನೆಯ ಮೇಲಿರುವವನು ಮಾವುತ. ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸುವವರು ಜೀಪಿನಲ್ಲಿರುತ್ತಾರೆ. ‘ಇವತ್ತು ನನ್ನ ಆನೆ ಬೇಡ’ ಎಂದು ಮಾವುತ ಹೇಳಿದರೆ ಕಾರ್ಯಾಚರಣೆ ನಿಲ್ಲಲೇಬೇಕು ಎಂಬ ನಿಯಮ ಲಿಖಿತವಾಗಿ ಬರಲಿ. ಸನ್ಮಾನದ ಶಾಲು ಆಮೇಲೆ ಹೊದಿಸಿದರಾಯಿತು.